ಭಾವನನ್ನಾದರೂ ಕೇಳಿದೆವು

ಕಮಲಕ್ಕಾ,

ಭದ್ರಾವತಿಯ ನಿಮ್ಮ ಮನೆಯಲ್ಲಿ ನೀನು ರೊಟ್ಟಿ ತಟ್ಟುತ್ತಾ ಆಡಿದ ಮಾತು ನನ್ನ ಕಿವಿಯಿಂದ ಹೋಗಿಲ್ಲ. ನಿನ್ನ ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗುತ್ತಿದೆ ಎಂದು ಆಗಲೇ ಗೊತ್ತಾಗಿತ್ತು. "ಕೊನೆಗೆ ಪೈಪುಗೀಪು ಏನೂ ಬೇಡ ಕಣೇ ಗಿರಿಜಾ. ಒದ್ದಾಡದಂಗೆ ನೋಡ್ಕೊಳ್ಳಿ, ಸಾಕು" ಎಂದೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಭಾವ ಅಲ್ಲಿಂದಲೇ ಗದರಿದರು, "ಬಿಡ್ತು ಅನ್ನು!" ನೀನು ನಕ್ಕು, ಹಿಟ್ಟಿನ ಕೈಯಲ್ಲೇ ಕೆನ್ನೆ ಮುಟ್ಟಿಕೊಂಡು, "ಬಿಡ್ತು" ಎಂದೆ. ಅಪಶಕುನದ ಮಾತು ಬಂದಾಗ ನಾವೆಲ್ಲ ಅನ್ನುವ ಹಾಗೆ. ಆ ಒಂದು ಪದವನ್ನು ಯಾರಾದರೂ ನಿನ್ನ ತೀರ್ಮಾನ ಎಂದುಕೊಳ್ಳುತ್ತಾರೆ ಎಂದು ನಮಗೆ ಹೇಗೆ ಹೊಳೆಯಬೇಕು?

ಶಿವಮೊಗ್ಗದ ಆಸ್ಪತ್ರೆಯಲ್ಲಿ ನಿನಗೆ ಕೊಳವೆ ಹಾಕಬೇಕೆಂದಾಗ ಈ ಮಾತು ನೆನಪಿಸಿದೆ. ನಿನ್ನ ಮಗ ಮಹೇಶ ನನ್ನ ಮೇಲೆಯೇ ಏರಿ ಬಂದ. "ಅಮ್ಮನೇ ಬಿಡ್ತು ಅಂದಿದ್ಲಲ್ಲ ಚಿಕ್ಕಮ್ಮ! ನೀವು ಲೈಬ್ರರಿ ಪುಸ್ತಕ ಎಲ್ಲಾ ಓದಿ ನಮ್ಮಮ್ಮನ್ನ ಸಾಯ್ಸೋಕೆ ಬಂದಿದೀರಾ?" ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ಟ. ನೀನು ಪಕ್ಕದ ಕೋಣೆಯಲ್ಲಿ ಎಚ್ಚರವಾಗಿ, ಪೂರ್ತಿ ಪ್ರಜ್ಞೆಯಲ್ಲೇ ಮಲಗಿದ್ದೆ. ಒಬ್ಬರಾದರೂ ಹೋಗಿ ಕೇಳಿದರೇ?

ಮರುದಿನ ಐಸಿಯು ಒಳಗೆ ಬಿಟ್ಟರು. ಕೊಳವೆ ಕಿತ್ತುಕೊಳ್ಳುತ್ತೀಯೆಂದು ಎರಡೂ ಮಣಿಕಟ್ಟುಗಳನ್ನು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಕಟ್ಟಿದ ಎಡಗೈಯನ್ನೇ ನೀನು ಕಷ್ಟಪಟ್ಟು ತಿರುಗಿಸಿ, ಅಂಗೈಯನ್ನು ಬಟ್ಟಲು ಮಾಡಿ ಹಿಡಿದೆ. ಪೂಜೆಗೆ ಇಷ್ಟಲಿಂಗ ಕೊಡಿ ಎನ್ನುತ್ತಿದ್ದೀಯೆಂದು ನಮ್ಮ ಮನೆಯ ಮಕ್ಕಳಿಗೂ ತಿಳಿಯುತ್ತದೆ. ಆದರೆ ಅದನ್ನು ನಿನ್ನ ಕೊರಳಿನಿಂದ ತೆಗೆದು, ಬಳೆಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಭಾವನಿಗೆ ಕೊಟ್ಟುಬಿಟ್ಟಿದ್ದರು. "ಅವಳು ಏನೋ ಕೇಳ್ತಿದಾಳೆ, ಅವಳನ್ನೇ ಮಾತಾಡ್ಸಿ" ಎಂದು ಡಾಕ್ಟರ ಹತ್ತಿರ ಜಗಳವಾಡಿದೆ. "ಪೇಷಂಟ್ ಚಡಪಡಿಸ್ತಿದಾರೆ ಅಷ್ಟೆ ಮೇಡಂ. ಕೇಳಿದ್ರೆ ಇನ್ನೂ ಗಾಬರಿ ಆಗ್ತಾರೆ. ಮನೆಯವರು ಒಪ್ಪಿದಾರಲ್ಲ?" ಎಂದವರೇ ನಿದ್ದೆಯ ಇಂಜೆಕ್ಷನ್ ಕೊಡಲು ಹೇಳಿದರು. ನಿನ್ನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಆ ಸಿಟ್ಟು ನನಗೆ ಇನ್ನೂ...

ಕೊನೆಗೆ ಕೊಳವೆ ತೆಗೆದು, "ಇನ್ನೇನೂ ಮಾಡೋಕಾಗಲ್ಲ, ನಿಮ್ಮ ಜವಾಬ್ದಾರಿ ಮೇಲೆ ಮನೆಗೆ ಕರ್ಕೊಂಡು ಹೋಗಿ" ಎಂದರು. ಉಸಿರಿನ ಸಂಕಟಕ್ಕೆ ಒಂದು ತೊಟ್ಟು ಔಷಧಿಯನ್ನೂ ಬರೆದುಕೊಡಲಿಲ್ಲ. ಮಾಚೇನಹಳ್ಳಿ ದಾಟುವ ಮೊದಲೇ ಆಂಬುಲೆನ್ಸ್‌ನಲ್ಲಿ ನೀನು ಒದ್ದಾಡಿ ಹೋದೆ. ಬೇಡದ ಚಿಕಿತ್ಸೆಯನ್ನು ಬೇಡವೆನ್ನುವ ಹಕ್ಕು ನಮಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿ ಆಗಲೇ ವರ್ಷಗಳಾಗಿದ್ದವು. ಬಾಯಿ ಇಲ್ಲದಾದಾಗ ನಮ್ಮ ಪರ ಮಾತಾಡುವವರನ್ನು ಮೊದಲೇ ಹೆಸರಿಸಲೂಬಹುದಿತ್ತು. ಕಟ್ಟಿಹಾಕುವುದು, ಇಲ್ಲವೇ ಕೈಬಿಡುವುದು: ಒಂದು ಇಡೀ ಆಸ್ಪತ್ರೆಗೆ ಇವೆರಡೇ ಗೊತ್ತಿದ್ದದ್ದು ಹೇಗೆ?

ಕಳೆದ ತಿಂಗಳು ಮಹೇಶ ವಿನೋಬನಗರದ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಭಾವನ ಗಂಟಲಲ್ಲಿ ಕ್ಯಾನ್ಸರ್, ಅಕ್ಕಾ. "ಅಪ್ಪಂಗೆ ಅಲ್ಸರ್ ಅಂತ ಹೇಳಿದೀವಿ. ನೀವೂ ಹಂಗೇ ಹೇಳ್ಬೇಕು ಚಿಕ್ಕಮ್ಮ" ಎಂದ. ನಿನ್ನ ವಿಷಯದಲ್ಲಿ ಆದದ್ದೇ ಮತ್ತೆ ಶುರುವಾಗಿತ್ತು. ಹೇಳುವುದಿಲ್ಲವೆಂದು ನಾನು ಮಾತು ಕೊಡಲಿಲ್ಲ.

ನಾನು ಹೋದಾಗ ಭಾವ ಗೋಡೆಗೆ ಹಣೆ ಒತ್ತಿ ಕೂತಿದ್ದರು. ಎಂಜಲು ನುಂಗಿದರೂ ನೋವು. "ಅಲ್ಸರ್‌ಗೆ ಮನೆಯವರೆಲ್ಲ ಸೆರಗಲ್ಲಿ ಕಣ್ಣೊರೆಸ್ತಾರೇನೇ ಮಾರಾಯ್ತಿ? ಫ್ಯಾಕ್ಟರೀಲಿ ಕುಲುಮೆ ಬಣ್ಣ ನೋಡಿ ಕಬ್ಬಿಣದ ಹದ ಹೇಳ್ತಿದ್ದೋನು ನಾನು. ನಿಮ್ಮ ಮುಖದ ಬಣ್ಣ ಗೊತ್ತಾಗಲ್ವಾ?" ಎಂದರು. "ಪೂರ್ತಿ ಹೇಳ್ಲಾ ಭಾವ?" ಎಂದು ಕೇಳಿದೆ. "ಹೇಳು" ಎಂದರು. ಹೇಳಿದೆ. ಮತ್ತೆ ಗೋಡೆಗೆ ಹಣೆ ಒತ್ತಿ, "ಹಂಗಾದ್ರೆ ಒಂದು ಇಂಜೆಕ್ಷನ್ ಕೊಟ್ಟು ಕಳ್ಸಿಬಿಡೋಕೆ ಹೇಳು. ಸಾಕಾಗಿದೆ" ಎಂದರು.

ಉಪಶಮನ ಆರೈಕೆಯ ಡಾಕ್ಟರಮ್ಮ ಒಬ್ಬರಿದ್ದಾರೆಂದು ತಿಳಿದು ಭಾವನನ್ನೂ ಮಹೇಶನನ್ನೂ ಕರೆದುಕೊಂಡು ಹೋದೆ. ಸಾಯುವವರನ್ನೂ ಬದುಕುವವರನ್ನೂ ನೋವಿನಿಂದ ಬಿಡಿಸುವುದೇ ಅವರ ಕೆಲಸ. ಮಹೇಶ ಬಾಯಿ ತೆರೆದ ಕೂಡಲೇ, "ನೀವು ಒಂಚೂರು ಇರಿ, ಅವರೇ ಹೇಳ್ಲಿ" ಎಂದರು. ಭಾವ ಇಂಜೆಕ್ಷನ್ ಮಾತೆತ್ತಿದರು. ಡಾಕ್ಟರಮ್ಮ ಗಾಬರಿಯಾಗಲಿಲ್ಲ, ಬೈಯಲೂ ಇಲ್ಲ. "ಅದನ್ನ ಕೊಡೋಕೆ ಕಾನೂನಿಲ್ಲ ಯಜಮಾನ್ರೇ. ಈಗ ಮಾತಾಡ್ತಿರೋದು ನೀವೋ ನೋವೋ ನೋಡೋಣ. ಮೊದಲು ಅದನ್ನ ಇಳಿಸ್ತೀನಿ, ಆಮೇಲೆ ಇನ್ನೊಂದ್ಸಲ ಕೇಳ್ತೀನಿ" ಎಂದು ಮಾರ್ಫಿನ್ ಮಾತ್ರೆ ಬರೆದರು. ನಿನಗೆ ಇವರು ಸಿಕ್ಕಿದ್ದರೆ...

ಮೊನ್ನೆ ಮತ್ತೆ ಹೋದೆವು. ಭಾವ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದರು, ತೆಳ್ಳನೆ ಗಂಜಿ ಕುಡಿದು ಉಪ್ಪು ಕಡಿಮೆ ಎಂದು ಸೊಸೆಯನ್ನು ರೇಗಿಸಿದ್ದರು. ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು: ಆಪರೇಷನ್ ಮಾಡಿದರೆ ಸ್ವರ ಹೋಗುತ್ತದೆ, ಕುತ್ತಿಗೆಯ ತೂತಿನಲ್ಲಿ ಉಸಿರಾಡಬೇಕು, ಕೆಲವು ದಿನ ಉಸಿರಾಟದ ಮಷೀನೂ ಬೇಕಾಗಬಹುದು, ವಾಸಿಯಾಗುವ ಭರವಸೆ ಕೊಡುವಂತಿಲ್ಲ. ಮಾಡಿಸದಿದ್ದರೂ ನೋವಾಗದಂತೆ ನೋಡಿಕೊಳ್ಳುತ್ತೇವೆ. "ಏನ್ ಮಾಡೋಣ?" ನಾನು ಭಾವನ ಬಾಯಿಂದ ನಿನ್ನ ಉತ್ತರಕ್ಕಾಗಿ ಕಾಯುತ್ತಿದ್ದೆ. ಬೇಡ ಅನ್ನುತ್ತಾರೆ, ನಾನು ಅವರ ಪರ ಹೋರಾಡುತ್ತೇನೆ ಎಂದು.

"ನಂಗೆ ಬದುಕೋ ಆಸೆ ಇದೆ ಡಾಕ್ಟ್ರೇ" ಎಂದರು ಭಾವ. "ತೂತಾದ್ರೂ ಮಾಡಿ, ಮಷೀನಿಗಾದ್ರೂ ಹಾಕಿ. ವಾಪಸ್ ಬರೋ ದಾರಿನೇ ಇಲ್ಲ ಅಂತಾದ್ರೆ ತೆಗೀರಿ. ಅಲ್ಲೀತನಕ ಯಾರೂ ತೆಗೆಯೋ ಹಂಗಿಲ್ಲ." ಮಾತಾಡಲಾಗದಾಗ ಯಾರನ್ನು ಕೇಳಬೇಕು ಎಂದು ಡಾಕ್ಟರಮ್ಮ ಕೇಳಿದಾಗ ನನ್ನ ಕಡೆ ಕೈ ತೋರಿಸಿದರು. "ಮಹೇಶ ಅಳ್ತಾನೆ. ಇವಳು ಜಗಳಗಂಟಿ, ಹೇಳಿದ್ದು ಹೇಳಿದಂಗೆ ಮಾಡ್ತಾಳೆ." ಮಹೇಶ ಮುಖ ತಿರುಗಿಸಿಕೊಂಡು ಅಳುತ್ತಲೇ ಇದ್ದ.

ಸೋಮವಾರ ಆಪರೇಷನ್. ಈ ವಯಸ್ಸಿಗೆ ಇದೆಲ್ಲ ಬೇಡವಿತ್ತು ಎಂದು ನನ್ನ ಮನಸ್ಸು ಹೇಳುತ್ತಿದೆ, ಅಕ್ಕಾ. ಅದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಐಸಿಯು ಬಾಗಿಲ ಹೊರಗೆ ಯಾರಾದರೂ ಬಂದು, "ಸಾಕು ಅನ್ಸುತ್ತೆ, ಏನಂತೀರಿ?" ಎಂದು ಕೇಳಿದರೆ, ನನಗೂ ಸಾಕು ಅನ್ನಿಸಿದರೂ, ವಾಪಸ್ ಬರೋ ದಾರಿ ಇರೋತನಕ ಭಾವ ಬೇಕು ಅಂದಿದ್ದಾರೆ ಎಂದೇ ಹೇಳುತ್ತೇನೆ.

ನಿನ್ನ
ಗಿರಿಜಾ