ತಣ್ಣನೆಯ ಬಲಗಾಲು

ಮೈಸೂರು
ಫೆಬ್ರವರಿ ಮೂವತ್ತು, ೨೨೦೪

ಚಾರುಮತಿ ಅಮ್ಮಣ್ಣಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಈ ಕಾಗದ ಬರೆಯುತ್ತಿರುವುದು ನಿಮ್ಮ ಇಪ್ಪತ್ತಾರನೆಯ ವಯಸ್ಸಿಗೆ. ನನಗೀಗ ನಲವತ್ತೆಂಟು.

ಇಲ್ಲಿ ಜೀವವಿರುವ ಕುದುರೆ ಹತ್ತುವವರು ಯಾರೂ ಉಳಿದಿಲ್ಲ. ಅಡ್ಡಗೋಲು ಹಾರುವುದನ್ನು ಮಕ್ಕಳು ಹುಸಿಗುದುರೆಯ ಮೇಲೆ ಕಲಿಯುತ್ತಾರೆ. ಅದು ತಂತಿ, ಸ್ಪ್ರಿಂಗು ಸೇರಿಸಿ ಮೇಲೆ ತೊಗಲು ಹೊದಿಸಿದ ಯಂತ್ರ. ಬೆವರುವುದಿಲ್ಲ, ಬೆಚ್ಚುವುದಿಲ್ಲ, ಕಾಲು ಸವೆದರೆ ಸಂಜೆಯೊಳಗೆ ಹೊಸದು ಬರುತ್ತದೆ. ಆದರೂ ನಮ್ಮ ಮನೆಯವರು ಮಾತ್ರ ಹತ್ತುವ ಮೊದಲು ಬಗ್ಗಿ, ಅದರ ಮುಂದಿನ ಬಲಗಾಲನ್ನು ಅಂಗೈಯಿಂದ ಮುಟ್ಟುತ್ತಾರೆ. ಉಳಿದವರು ನಗುತ್ತಾರೆ. ಯಾಕೆ ಮುಟ್ಟುತ್ತೇವೆಂದು ನನಗೂ ಗೊತ್ತಿರಲಿಲ್ಲ, ನಿಮ್ಮ ದಿನಚರಿ ಓದುವವರೆಗೆ.

ನಿಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಸವಾರರ ತಂಡದ ಆಯ್ಕೆಯ ದಿನ ಬೆಳಿಗ್ಗೆ, ಹನ್ನೊಂದು ವರ್ಷದಿಂದ ನಿಮ್ಮ ಲಾಯ ನೋಡಿಕೊಳ್ಳುತ್ತಿದ್ದ ರಹಮತ್ ಸಾಬರು ನಿಮ್ಮ ಕುದುರೆ ನವಣೆಯ ಕಾಲು ನೀವಿ ಹೇಳಿದ್ದನ್ನು ನೀವೇ ಬರೆದಿಟ್ಟಿದ್ದೀರಿ.

“ಅಮ್ಮಣ್ಣಿ, ಬಲಗಾಲು ಬಿಸಿ ಐತೆ, ಒಳಗೆ ಪೆಟ್ಟಾಗಿರ್ಬೇಕು. ಇವತ್ತು ಬ್ಯಾಡ.”

“ಬಿಸಿಲಿಗೆ ಹಂಗಾಗಿರುತ್ತೆ, ಬಿಡಿ ಸಾಬ್ರೇ.”

“ಬಿಸಿಲು ಒಂದೇ ಕಾಲಿಗೆ ಬೀಳ್ತದಾ?”

ನೀವು ನಕ್ಕು ಹತ್ತಿದಿರಿ. ಒಂದು ಕೋಲೂ ಬೀಳಲಿಲ್ಲ. ಕೊನೆಯದನ್ನು ದಾಟಿ ಇಳಿದ ನವಣೆ ಮತ್ತೆ ಬಲಗಾಲು ಊರಲಿಲ್ಲ. ಮಧ್ಯಾಹ್ನ ವೈದ್ಯರು ಸೂಜಿ ಚುಚ್ಚಿ ಅದರ ನೋವು, ಉಸಿರು ಎರಡನ್ನೂ ನಿಲ್ಲಿಸಿದರು. ಸಾಬರು ಜೀನು ಒರೆಸಿ ಅದರ ಜಾಗದಲ್ಲಿಟ್ಟು ಹೋದವರು ಮತ್ತೆ ಬರಲಿಲ್ಲ. ನೀವು ಆಯ್ಕೆಯಾದಿರಿ. ಬೇರೆ ಕುದುರೆಗಳ ಮೇಲೆ ಇಪ್ಪತ್ತು ವರ್ಷ ಹಾರಿದಿರಿ, ಪದಕ ಗೆದ್ದಿರಿ, ಪ್ರತಿ ಸಲವೂ ಹತ್ತುವ ಮುಂಚೆ ಬಗ್ಗಿ ಕಾಲು ಮುಟ್ಟಿದಿರಿ. ಮಗಳು ನೋಡಿ ಕಲಿತಳು. ಆ ಪದಕಗಳು ಈಗ ಎಲ್ಲಿವೆಯೋ ನಮಗೆ ಯಾರಿಗೂ ತಿಳಿಯದು.

ಗಂಟೆ ಬಾರಿಸಿದ ಮೇಲೆ ಓಟ ಶುರುಮಾಡಲು ಸವಾರರಿಗೆ ನಲವತ್ತೈದು ಸೆಕೆಂಡು ಸಿಗುತ್ತದೆ ಎಂದು ಬರೆದಿದ್ದೀರಿ. ಆ ದಿನ ನಿಮಗೆ ಅಷ್ಟು ಸಾಕು. ಇಳಿದುಬಿಡಿ. ಲಗಾಮನ್ನು ಸಾಬರ ಕೈಗೆ ಕೊಡಿ. ಆಗ ನಮ್ಮ ಮನೆಯಲ್ಲಿ ಯಾರೂ ಬಗ್ಗುವುದಿಲ್ಲ. ನಿಮ್ಮಿಂದ ನನ್ನ ಮೈಗೆ ಇಳಿದು ಬಂದದ್ದು ಅದೊಂದೇ, ಹೋದರೆ ಹೋಗಲಿ.

ನಿನ್ನೆಯೂ ಮುಟ್ಟಿ ನೋಡಿದೆ. ತಣ್ಣಗಿತ್ತು.

ನಿಮ್ಮವಳು,
ಇಂದುಕಲಾ