ನಿನ್ನ ಹುಟ್ಟಿದ ತಾರೀಕು ಕೇಳಿದವಳು

ಶನಿವಾರ, ಮಧ್ಯಾಹ್ನ

ಅಕ್ಕಾ,

ಇದನ್ನು ಫೋನಿನಲ್ಲಿ ಕೇಳಿದರೆ ನೀನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು ತೇಲಿಸಿಬಿಡುತ್ತೀಯ. ಅದಕ್ಕೇ ಕಾಗದದಲ್ಲಿ ಬರೆದು ಫೋಟೋ ಕಳಿಸುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೇ ನಿನಗೆಲ್ಲೋ ಹುಚ್ಚು ಎಂದು ಮೆಸೇಜ್ ಹಾಕಬೇಡ.

ಮೊದಲು, ನಿನ್ನ ಹಾಗೆ ವಿದೇಶಕ್ಕೆ ನರ್ಸಾಗಿ ಬರಲು ಪಾಸಾಗಬೇಕಾದ ಪರೀಕ್ಷೆಯ ಸುದ್ದಿ. ನಾಡಿದ್ದು ಸೋಮವಾರ ಇದೆ. ಇಂಗ್ಲಿಷ್ ಓದುವುದು, ಬರೆಯುವುದು ಹೇಗೋ ದಾಟಿಯೇನು. ಹೆದರಿಕೆಯೆಲ್ಲ ಕೇಳಿ ಉತ್ತರಿಸುವುದರದ್ದೇ. ಕಳೆದ ಸಲ ಮುಗ್ಗರಿಸಿದ್ದೂ ಅಲ್ಲೇ ತಾನೇ? ಮೂರನೇ ಪ್ರಶ್ನೆ ತಪ್ಪಿಹೋಯಿತಲ್ಲ ಎಂದು ಕೊರಗುತ್ತ ಕೂತೆ, ಅಷ್ಟರಲ್ಲಿ ಮಾತಾಡುವ ಮಹಾರಾಯ ಏಳನೆಯದಕ್ಕೆ ಹೋಗಿಬಿಟ್ಟಿದ್ದ. ಈ ಸಲ ಕೋಚಿಂಗ್ ಮೇಡಂ ಬೈದು ಬೈದು ಬುದ್ಧಿ ತುಂಬಿದ್ದಾರೆ. ಹೋದದ್ದು ಹೋಯಿತು, ಮುಂದಿನದಕ್ಕೆ ಕಿವಿ ಕೊಡು. ಜನ ಮೊದಲು ಒಂದು ಹೇಳಿ ಆಮೇಲೆ ತಿದ್ದಿಕೊಳ್ಳುತ್ತಾರೆ, ತಿದ್ದಿದ್ದೇ ಉತ್ತರ. ಮನೆಯಲ್ಲಿ ಅಭ್ಯಾಸಕ್ಕೆ ಕೇಳಿದ್ದನ್ನೇ ಮತ್ತೆ ಕೇಳು, ಹೆಸರು, ತಾರೀಕು, ನಂಬರು ಬಂದರೆ ತಕ್ಷಣ ಬರೆದುಕೋ.

ನೀನು ಕಳಿಸಿದ ರೆಕಾರ್ಡಿಂಗುಗಳನ್ನೇ ಹಾಗೆ ಕೇಳುತ್ತಿದ್ದೆ. ಡ್ಯೂಟಿ ನಡುವೆ ಬಿಡುವಾದಾಗ ಯಾವುದೋ ಪತ್ರಿಕೆಯಿಂದ ಓದಿದ್ದು ಎಂದಿದ್ದೆಯಲ್ಲ. ಅಲ್ಲಿನವರ ಉಚ್ಚಾರಣೆ ರೂಢಿಯಾಗಲಿ, ಸುತ್ತಮುತ್ತಲಿನ ಮಾತನ್ನೂ ಹಾಗೇ ಬಿಡು ಎಂದು ಪೀಡಿಸಿದವಳು ನಾನೇ. ಆಗ ಆ ಮಾತೆಲ್ಲ ನನ್ನ ಪಾಲಿಗೆ ಬರೀ ಗುಜುಗುಜು.

ನಿನ್ನೆ ಸಂಜೆ ಹವಾಮಾನದ ಬಗ್ಗೆ ಓದಿದ್ದನ್ನು ಹಾಕಿದೆ. ನಡುವೆ ನೀನು ನಿಲ್ಲಿಸುತ್ತೀಯ. ಯಾರೋ ಹೆಂಗಸು ಏನೋ ಕೇಳುತ್ತಾಳೆ, ನೀನು ಮೆಲ್ಲಗೆ ಉತ್ತರ ಕೊಟ್ಟು ಮತ್ತೆ ಓದುತ್ತೀಯ. ತಾರೀಕು ಕಿವಿಗೆ ಬಿತ್ತಲ್ಲ, ಅಭ್ಯಾಸಬಲದಿಂದ ಬರೆದುಕೊಂಡೆ. ಬರೆದ ಮೇಲೆ ನೋಡಿದರೆ ಅದು ನಿನ್ನ ಹುಟ್ಟಿದ ತಾರೀಕು. ಅದಕ್ಕೂ ಮುಂಚೆ ನೀನು ಹೇಳಿದ್ದು ನಿನ್ನದೇ ಪೂರ್ತಿ ಹೆಸರು.

ನಾನೂ ನರ್ಸೇ ಕಣೇ ಅಕ್ಕಾ. ಮಾತ್ರೆ ಕೊಡುವ ಮುಂಚೆ ಹೆಸರು, ಹುಟ್ಟಿದ ತಾರೀಕು ಕೇಳುವುದು ಯಾರನ್ನು ಎಂದು ನನಗೆ ಗೊತ್ತಿಲ್ಲವೇ? ನಮ್ಮ ವಾರ್ಡಿನಲ್ಲಿ ದಿನವಿಡೀ ಅದನ್ನೇ ಕೇಳಿಕೊಂಡು ಓಡಾಡುತ್ತೇನೆ. ಡ್ಯೂಟಿಯಲ್ಲಿರುವ ನರ್ಸನ್ನು ಯಾರೂ ಹಾಗೆ ಕೇಳುವುದಿಲ್ಲ, ಹಾಸಿಗೆಯಲ್ಲಿ ಇರುವವರನ್ನು ಕೇಳುತ್ತಾರೆ.

ಆಮೇಲೆ ಎಲ್ಲ ರೆಕಾರ್ಡಿಂಗುಗಳನ್ನೂ ಮೊದಲಿನಿಂದ ಕೇಳಿದೆ, ನಿನ್ನ ಓದನ್ನು ಬಿಟ್ಟು ಹಿಂದಿನ ಮಾತನ್ನು ಮಾತ್ರ. ಮೊನ್ನೆಯಷ್ಟೇ ಕಳಿಸಿದ್ದರಲ್ಲಿ ನೀನು ಗಡಿಯಾರಗಳ ಇತಿಹಾಸ ಓದುವಾಗ ಒಬ್ಬ ಗಂಡಸು ಬರುತ್ತಾನೆ. ಆಪರೇಷನ್ ಶುಕ್ರವಾರ ಎನ್ನುತ್ತಾನೆ, ಆಮೇಲೆ ಇಲ್ಲ, ಸೋಮವಾರ ಎನ್ನುತ್ತಾನೆ. ಅಂದರೆ ನಾಡಿದ್ದು. ಯಾತಕ್ಕೆ ಆಪರೇಷನ್ ಎಂದೂ ಹೇಳುತ್ತಾನೆ, ಸರಿಯಾಗಿ ಆ ಪದದ ಮೇಲೆಯೇ ಒಂದು ಟ್ರಾಲಿ ಗಡಗಡ ಎಂದು ಹಾದುಹೋಗುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಆ ಹಾಳು ಚಕ್ರಕ್ಕೆ ಎಣ್ಣೆ ಹಾಕುವವರೇ ಇಲ್ಲವೇ? ಹೆಡ್‌ಫೋನಿನಲ್ಲಿ ಕೇಳಿದೆ, ನಿಧಾನ ಮಾಡಿ ಕೇಳಿದೆ, ಆಗಲಿಲ್ಲ. ನರ್ಸ್ ಆಗಿದ್ದೇ ತಪ್ಪಾಯಿತು. ಅಲ್ಲಿ ಇರಬಹುದಾದ ಪದಗಳೆಲ್ಲ ನನಗೆ ಗೊತ್ತು, ಒಂದಕ್ಕಿಂತ ಒಂದು ಕೆಟ್ಟದ್ದು.

ಈ ದಡ್ಡಿಗೆ ಎಲ್ಲಿ ಅರ್ಥವಾಗುತ್ತದೆ ಎನ್ನುವ ಧೈರ್ಯದಲ್ಲಿ ಕಳಿಸಿದೆಯಾ? ಇಲ್ಲ, ಎಂದಾದರೂ ಅರ್ಥವಾಗಲಿ ಎಂದೇ ಬಿಟ್ಟೆಯಾ? ಹಾಸಿಗೆ ಹಿಡಿದವಳು ಅಲ್ಲಿಂದ ನನಗೆ ಗಡಿಯಾರದ ಕಥೆ ಓದುತ್ತ ಕೂತಿದ್ದೀಯಲ್ಲ, ನಿನಗೆ ಏನೆನ್ನಲಿ. ಸಿಟ್ಟು ಬಂದಿದೆ. ಅದಕ್ಕಿಂತ ಹೆಚ್ಚು ಭಯವಾಗಿದೆ.

ಪರೀಕ್ಷೆ ಬಿಟ್ಟುಬಿಡಲೇ ಎಂದೂ ಅನ್ನಿಸಿತು. ಬಿಟ್ಟರೆ ಅಲ್ಲಿ ಕೆಲಸವಿಲ್ಲ, ಕೆಲಸವಿಲ್ಲದೆ ನಿನ್ನ ಹತ್ತಿರ ಬರುವ ದಾರಿಯಿಲ್ಲ. ಆದ್ದರಿಂದ ಬರೆಯುತ್ತೇನೆ. ಆದರೆ ಆ ಒಂದು ಪದ ತಿಳಿಯದೆ ಹೋಗಿ ಕೂತರೆ ನನಗೆ ಬೇರೇನೂ ಕೇಳಿಸುವುದಿಲ್ಲ. ದಯವಿಟ್ಟು ಹೇಳು, ಕನ್ನಡದಲ್ಲೇ ಹೇಳು. ಕೆಟ್ಟದ್ದಾದರೂ ಸರಿ, ತಿದ್ದದೆ ಹೇಳು. ಅಮ್ಮನಿಗೆ ನಾನು ಏನೂ ತಿಳಿಸಿಲ್ಲ, ತಿಳಿಸುವುದೂ ಇಲ್ಲ.

ಎಷ್ಟು ಬೈದರೂ ಕುಯ್ಯುವುದು ಬಿಡದ,
ನಿನ್ನ ಪಿಟೀಲು

ತಾ.ಕ.: ಫೋಟೋ ತೆಗೆಯಲು ಎದ್ದರೆ ಬಾಗಿಲಲ್ಲಿ ಅಮ್ಮ. ಆಪರೇಷನ್ ಯಾವತ್ತಂತೆ ಎಂದು ಕೇಳಿದಳು. ನಾನು ಜೋರಾಗಿ ಹಾಕಿದ್ದು ಅವಳ ಕಿವಿಗೂ ಬಿದ್ದಿದೆ; ಇಂಗ್ಲಿಷ್ ಬಾರದಿದ್ದರೇನು, ಆಪರೇಷನ್ ಎಂಬ ಪದ ಯಾರಿಗೆ ಗೊತ್ತಿಲ್ಲ ಹೇಳು. ನಿನಗೆ ಯಾವಾಗ ಗೊತ್ತಾಯಿತಮ್ಮಾ ಎಂದು ನಾನು ಕೇಳಿದರೆ, ಮೊದಲನೇ ರೆಕಾರ್ಡಿಂಗ್ ಬಂದ ದಿನವೇ ಎಂದಳು. "ಮಲಗ್ಕೊಂಡು ಮಾತಾಡ್ತಿದ್ಲು ಕಣೆ. ಹೆತ್ತೋಳು ನಾನು, ಅಷ್ಟೂ ಗೊತ್ತಾಗಲ್ವಾ?" ನನ್ನ ಪರೀಕ್ಷೆ ಕೆಡಬಾರದೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲವಂತೆ. ನಾಳೆ ಬೆಳಿಗ್ಗೆ ನೀನು ಅವಳಿಗೆ ಫೋನ್ ಮಾಡಬೇಕಂತೆ. ಅವಳಿಗೋಸ್ಕರ ಎದ್ದು ಕೂರುವುದು ಬೇಡವಂತೆ, ಮಲಗಿಕೊಂಡೇ ಮಾತಾಡಬೇಕಂತೆ.