ಜೋಳವಾಳಿಯ ಚೀಟಿ

ಅಪ್ಪಾ,

ನಿಮ್ಮ ನಿಘಂಟಿನ ಕೊನೆಯ ಕರಡು ಇಂದು ತಿದ್ದಲು ನನ್ನ ಮೇಜಿಗೆ ಬಂತು. ‘ಜೋಳವಾಳಿ: ಒಡೆಯನ ಜೋಳ ಉಂಡ ಋಣಕ್ಕೆ ಪ್ರಾಣವನ್ನೇ ಕೊಡುವ ಕರ್ತವ್ಯ. ಜೋಳ ಮತ್ತು ಪಾಳಿ, ಅಂದರೆ ಕಟ್ಟುಪಾಡು, ಸೇರಿ ಆದದ್ದು.’ ನೀವು ಚೀಟಿಯಲ್ಲಿ ಬರೆದದ್ದು ಹಾಗೇ ಇದೆ. ಮೊದಲ ಪುಟದಲ್ಲಿ ದುಡ್ಡು ಕೊಟ್ಟ ಧಣಿಯ ಫೋಟೊ. ಮೂವತ್ತು ವರ್ಷ ಪದಕ್ಕೊಂದು ಚೀಟಿ ಬರೆದು ಕಣ್ಣು ಕಳೆದುಕೊಂಡ ನಿಮ್ಮ ಹೆಸರು ಎಲ್ಲೂ ಇಲ್ಲ.

ಸಂಪಾದಕರನ್ನು ಕೇಳಿದೆ. “ಧಣಿ ಅನ್ನ ಹಾಕಿದಾರಲ್ಲಮ್ಮ. ನಿಮ್ಮಪ್ಪ ಯಾವತ್ತಾದ್ರೂ ಬಾಯಿಬಿಟ್ಟು ಕೇಳಿದ್ರಾ?” ಎಂದರು.

ಉಂಡವನ ಋಣಕ್ಕೆ ಇಷ್ಟು ದೊಡ್ಡ ಪದ. ದುಡಿಸಿಕೊಂಡವನ ಋಣಕ್ಕೆ ಒಂದು ಪದವಾದರೂ ನಿಮಗೆ ಸಿಕ್ಕಿತ್ತೇ?

ಕೆಂಪು ಪೆನ್ನು ಕೈಯಲ್ಲೇ ಇತ್ತು. ನಿಮ್ಮ ಹೆಸರು ಹಿಡಿಯುವಷ್ಟು ಜಾಗವೂ ಇತ್ತು. ಆದರೆ ನೀವು ಹೋದ ಮೇಲೆ ಈ ಕುರ್ಚಿ ನನಗೆ ಕೊಡಿಸಿದ್ದು ಅದೇ ಧಣಿ. ಇದ್ದಂತೆಯೇ ‘ಮುದ್ರಿಸಬಹುದು’ ಎಂದು ಸಹಿ ಹಾಕಿ ಕಳಿಸಿದೆ.